ಉದ್ದ ಮೊದಲು, ಅಗಲ ಆಮೇಲೆ

"ನೋಡಿದ್ರೆ ಗೊತ್ತಾಗುತ್ತೆ ಅಂದ್ರೆ ಆಗಲ್ಲಮ್ಮ. ಸಾಧಿಸಿ ತೋರಿಸ್ಬೇಕು," ಎಂದಳು ಮಗಳು, ಬರೆಯುತ್ತಿದ್ದ ಹಾಳೆಯಿಂದ ತಲೆಯೆತ್ತದೆ.

ಮಾಸ್ಟ್ರಮ್ಮ ಹೊಲಿಗೆ ಯಂತ್ರ ನಿಲ್ಲಿಸಿ ಮಗಳ ಭುಜದ ಮೇಲಿಂದ ಬಗ್ಗಿ ನೋಡಿದಳು. ಚೌಕುಳಿ ಹಾಳೆಯ ಮೇಲೆ ನಾಲ್ಕು ಚುಕ್ಕೆ, ಅವನ್ನು ಸೇರಿಸಿದ ನಾಲ್ಕು ಗೆರೆ. ಆಕೃತಿ ಸ್ವಲ್ಪ ವಾಲಿಕೊಂಡು ಕೂತಿದ್ದರೂ ನಾಲ್ಕೂ ಮೂಲೆ ನೆಟ್ಟಗಿದ್ದವು. ಇದು ಆಯತವೇ, ಇದಕ್ಕೇನು ಇಷ್ಟು ಹೊತ್ತು ಗುದ್ದಾಡುತ್ತೀ ಎಂದು ಅವಳು ಆಗಲೇ ಹೇಳಿಯೂ ಆಗಿತ್ತು. ಇಪ್ಪತ್ತೊಂದು ವರ್ಷದಿಂದ ಬಟ್ಟೆ ಕತ್ತರಿಸುತ್ತಿರುವ ಕಣ್ಣು ಅವಳದು. ಉಡುಪಿನ ಕಾರ್ಖಾನೆಯಲ್ಲಿ ಮೂವತ್ತು ಪದರ ಬಟ್ಟೆಯನ್ನು ಒಂದರ ಮೇಲೊಂದು ಹಾಸಿದಾಗ, ನಡುವಿನ ಯಾವುದೋ ಒಂದು ಪದರ ಬೆರಳಗಲ ಓರೆ ಹೋಗಿದ್ದರೂ ದೂರದಿಂದಲೇ 'ನಿಲ್ಲಿಸ್ರೋ' ಎಂದು ಕೂಗುವವಳು. ಆ ಕಣ್ಣಿನ ದೆಸೆಯಿಂದಲೇ ಅವಳು ಕಟಿಂಗ್ ಮಾಸ್ಟರ್ ಆದದ್ದು. ಹೆಂಗಸು ಮಾಸ್ಟರ್ ಆದರೆ ಏನೆಂದು ಕರೆಯಬೇಕೋ ತೋಚದೆ ಯಾರೋ ಮಾಸ್ಟ್ರಮ್ಮ ಎಂದರು. ಅದೇ ಅಂಟಿಕೊಂಡು, ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿಯಿತು.

"ನೆಟ್ಟಗಿರೋದನ್ನ ನೆಟ್ಟಗಿದೆ ಅಂತ ಸಾಧಿಸೋದು ಯಾಕೆ? ನನ್ನ ಮಾತಲ್ಲಿ ನಂಬಿಕೆ ಇಲ್ವಾ?"

"ನಿನ್ನ ಮಾತು ಅಂತಲ್ಲಮ್ಮ, ಇದರಲ್ಲಿ ಯಾರ ಮಾತನ್ನೂ ನಂಬೋ ಹಾಗಿಲ್ಲ. ಎದುರುಬದುರು ಬದಿಗಳ ಇಳಿಜಾರು ಒಂದೇ ಇದ್ರೆ ಅವು ಸಮಾಂತರ. ಅಕ್ಕಪಕ್ಕದ ಎರಡರ ಇಳಿಜಾರು ಗುಣಿಸಿ ಮೈನಸ್ ಒಂದು ಬಂದ್ರೆ ಮೂಲೆ ಲಂಬ. ಎರಡೂ ಸರಿಹೋದ್ರೆ ಮಾತ್ರ ಆಯತ. ಕಣ್ಣು ಮೋಸ ಮಾಡುತ್ತೆ, ಇಳಿಜಾರು ಮೋಸ ಮಾಡಲ್ಲ."

ಕೊನೆಯ ಮಾತು ಮಗಳದ್ದಲ್ಲ ಎಂದು ಮಾಸ್ಟ್ರಮ್ಮನಿಗೆ ತಕ್ಷಣ ತಿಳಿಯಿತು. ಹದಿನೈದು ವರ್ಷದ ಹುಡುಗಿಗೆ ಅದು ದೊಡ್ಡವರ ಅಂಗಿಯ ಹಾಗೆ ದೊಗಳೆಯಾಗಿತ್ತು.

"ಯಾರು ಹೇಳಿದ್ದು ಹಾಗಂತ?"

"ಚಿಕ್ಕಮ್ಮ."

ಮಾಸ್ಟ್ರಮ್ಮ ಯಂತ್ರಕ್ಕೆ ಮರಳಿದಳು. ಪಕ್ಕದ ಮನೆಯವರ ಕಿಟಕಿ ಪರದೆಯ ಅಂಚು ಆವತ್ತು ಒಂದೇ ಉಸಿರಿಗೆ ಮುಗಿದುಹೋಯಿತು.

ಮಗಳ ಅಪ್ಪ ಬೇರೆಯಾಗಿ ಆರು ವರ್ಷ, ಇನ್ನೊಂದು ಮದುವೆಯಾಗಿ ಎರಡು ವರ್ಷ ಆಗಿತ್ತು. ರಂಪ ರಾದ್ಧಾಂತಗಳೆಲ್ಲ ಆರಿ ತಣ್ಣಗಾದ ಮೇಲೆ, ಮಗಳು ಶನಿವಾರ ಮಧ್ಯಾಹ್ನ ಅಲ್ಲಿಗೆ ಹೋಗುವುದು, ಭಾನುವಾರ ಸಂಜೆ ಬರುವುದು ಎಂದು ನಿಗದಿಯಾಗಿತ್ತು. ಗಂಡ ಹೋದದ್ದಕ್ಕೆ ಮಾಸ್ಟ್ರಮ್ಮ ಅತ್ತದ್ದು ಕಡಿಮೆ. ಅವನು ಇನ್ನೊಬ್ಬಳನ್ನು ಕಟ್ಟಿಕೊಂಡಾಗಲೂ 'ಪಾಪ, ಅವಳ ಹಣೆಬರಹ' ಎಂದು ನಕ್ಕಿದ್ದಳು. ಆ ಇನ್ನೊಬ್ಬಳು ಕಟ್ಟಡಗಳ ನಕ್ಷೆ ಬರೆಯುವ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದಳು. ಮಾಸ್ಟ್ರಮ್ಮನ ಬಾಯಲ್ಲಿ ಅವಳು ಅಂದಿನಿಂದ 'ನಕ್ಷೆಯವಳು'. ಮಗಳ ಬಾಯಲ್ಲಿ ಮೊದಲು 'ಅವರು' ಆಗಿದ್ದಳು, ಆಮೇಲೆ 'ಆಂಟಿ'. ಈ ವರ್ಷ ಗಣಿತ ತಲೆಗೆ ಹತ್ತದೆ, ವಾರದ ಕೊನೆಯಲ್ಲಿ ಅವಳ ಹತ್ತಿರ ಹೇಳಿಸಿಕೊಳ್ಳಲು ಶುರುಮಾಡಿದ ಮೇಲೆ, ಒಂದು ದಿನ ಸದ್ದುಗದ್ದಲವಿಲ್ಲದೆ 'ಚಿಕ್ಕಮ್ಮ' ಆಗಿಬಿಟ್ಟಳು. ಗಂಡನನ್ನು ಬಿಟ್ಟುಕೊಟ್ಟಾಗ ಆಗದ ಉರಿ ಆ ಮೂರು ಅಕ್ಷರಕ್ಕೆ ಆಯಿತು.

ಅಂದಿನಿಂದ ಮಾಸ್ಟ್ರಮ್ಮನಿಗೆ ಒಂದು ಹೊಸ ಚಟ ಹತ್ತಿತು. ಭಾನುವಾರ ಸಂಜೆ ಮಗಳ ಬ್ಯಾಗು ಬಿಚ್ಚುತ್ತ, ಬಟ್ಟೆ ಮಡಿಸುತ್ತ, ಏನೂ ಅಲ್ಲವೆಂಬಂತೆ ಒಂದೊಂದೇ ಪ್ರಶ್ನೆ ಎಸೆಯುವಳು. ಅಲ್ಲಿ ನಿನ್ನ ತಲೆ ಯಾರು ಬಾಚುತ್ತಾರೆ? ಓದುವಾಗ ಪಕ್ಕದಲ್ಲೇ ಕೂರುತ್ತಾಳಾ, ಇಲ್ಲ ಬಂದು ಹೋಗಿ ಮಾಡುತ್ತಾಳಾ? ಅವಳ ಬಟ್ಟೆಯ ಹೊಲಿಗೆ ಬಿಟ್ಟರೆ ಯಾರು ಹಾಕುತ್ತಾರೆ? 'ಯಾರೂ ಹಾಕಲ್ಲ, ಪಿನ್ನು ಚುಚ್ಕೊಳ್ತಾರೆ' ಎಂದಿದ್ದಳು ಮಗಳು. ಆ ಒಂದು ಉತ್ತರದ ಮೇಲೆ ಮಾಸ್ಟ್ರಮ್ಮ ಒಂದು ವಾರ ಖುಷಿಯಾಗಿದ್ದಳು.

ಸೋಮವಾರ ಮಗಳ ಅಪ್ಪನ ಫೋನು ಬಂತು.

"ಪರೀಕ್ಷೆಗೆ ಇನ್ನು ನಾಲ್ಕೇ ವಾರ ಇದೆ. ಮುಗಿಯೋವರೆಗೂ ಅವಳು ಇಲ್ಲೇ ಇರ್ಲಿ ಅಂತ... ನೀನೇನಂತೀಯ?"

"ಅವಳೇನು ಸಾಮಾನಾ, ಆ ಮನೆಯಿಂದ ಈ ಮನೆಗೆ ಎತ್ತಿಡೋಕೆ?"

"ಹಾಗಲ್ಲ ಕಣೆ. ಗಣಿತದಲ್ಲಿ ಸ್ವಲ್ಪ ಹಿಂದಿದಾಳೆ. ಇಲ್ಲಾದ್ರೆ ದಿನಾ ಹೇಳ್ಕೊಡೋರು ಇರ್ತಾರೆ ಅಂತ."

ಹೇಳಿಕೊಡುವವರು! ಅಂದರೆ ಇಲ್ಲಿರುವವಳು ಹೆಬ್ಬೆಟ್ಟು ಎಂದು ತಾನೆ ಅರ್ಥ? ಇದು ಅವನ ತಲೆಯಿಂದ ಬಂದ ಮಾತಲ್ಲ, ಅವನ ಹಿಂದೆ ನಿಂತು ಕಿವಿಯೂದಿದವಳದ್ದು ಎಂದು ಮಾಸ್ಟ್ರಮ್ಮ ಅಲ್ಲೇ ತೀರ್ಮಾನಿಸಿದಳು. "ಯೋಚನೆ ಮಾಡಿ ಹೇಳ್ತೀನಿ," ಎಂದು ಫೋನಿಟ್ಟಳು. ಆದರೆ ಅವಳು ಯೋಚಿಸಿದ್ದು ಬೇರೆಯೇ. ಆ ಇಳಿಜಾರು ಎನ್ನುವುದೇನು ಬ್ರಹ್ಮವಿದ್ಯೆಯಾ? ನಕ್ಷೆಯವಳಿಗೆ ಬರುವುದಾದರೆ ತನಗೇಕೆ ಬರಬಾರದು?

ಮಾರನೆಯ ದಿನ ಊಟದ ಡಬ್ಬಿಯ ಜತೆ ಮಗಳ ಹಳೆಯ ಗಣಿತ ಪುಸ್ತಕವೂ ಕಾರ್ಖಾನೆಗೆ ಹೋಯಿತು. ಊಟದ ಗಂಟೆ ಹೊಡೆದು ಎಲ್ಲರೂ ಅಂಗಳಕ್ಕೆ ಹೋದ ಮೇಲೆ ಮಾಸ್ಟ್ರಮ್ಮ ಕತ್ತರಿಸುವ ಉದ್ದನೆಯ ಮೇಜಿನ ಮೇಲೆ ಸೀಮೆಸುಣ್ಣ ಹಿಡಿದು ಕೂತಳು. ಏಳನೇ ಇಯತ್ತೆಗೆ ಶಾಲೆ ಬಿಟ್ಟವಳಿಗೆ ಪುಸ್ತಕದ ಭಾಷೆ ಕಬ್ಬಿಣದ ಕಡಲೆ. ಮೊದಲ ದಿನ ಒಂದು ಪುಟ ದಾಟಲಿಲ್ಲ. ಎರಡನೇ ದಿನ ಒಂದು ಸಾಲು ಹಿಡಿತಕ್ಕೆ ಸಿಕ್ಕಿತು: ಗೆರೆ ಎಷ್ಟು ಏರಿತೋ ಅದನ್ನು, ಎಷ್ಟು ಸರಿಯಿತೋ ಅದರಿಂದ ಭಾಗಿಸಿದರೆ ಇಳಿಜಾರು. ಅಯ್ಯೋ, ಇಷ್ಟೇನಾ? ಪ್ಯಾಂಟಿನ ಸೊಂಟದಿಂದ ಕಾಲ್ಗಂಟಿಗೆ ಬರುವ ಪಕ್ಕದ ಗೆರೆಯನ್ನು ತಾನು ಇಷ್ಟು ವರ್ಷ ಹೀಗೇ ಅಲ್ಲವೇ ಎಳೆದದ್ದು, ಇಷ್ಟು ಇಳಿದರೆ ಇಷ್ಟು ಒಳಕ್ಕೆ ಎಂದು? ಇಳಿಜಾರು ಒಂದೇ ಇದ್ದರೆ ಗೆರೆಗಳು ಎಂದಿಗೂ ಕೂಡುವುದಿಲ್ಲ ಎನ್ನುವುದೂ ಸರಾಗವಾಗಿ ತಲೆಗಿಳಿಯಿತು.

ತೊಡಕಾದದ್ದು ಮೈನಸ್ ಒಂದು. ಗುಣಿಸಿದರೆ ಅದೇ ಏಕೆ ಬರಬೇಕು? ಗುರುವಾರ ಮಧ್ಯಾಹ್ನ, ಬೇಸತ್ತು, ಮೂಲೆ ನೋಡುವ ಎಲ್ ಆಕಾರದ ಸ್ಕೇಲನ್ನು ಗೆರೆಯ ಮೇಲಿಟ್ಟು ಕಾಲು ಸುತ್ತು ತಿರುಗಿಸಿದಾಗ ಅವಳಿಗೆ ಕಂಡಿತು. ತಿರುಗಿದ ಮೇಲೆ ಏರಿದ್ದು ಸರಿದದ್ದಾಗಿತ್ತು, ಸರಿದದ್ದು ಏರಿದ್ದಾಗಿತ್ತು, ಎರಡರಲ್ಲಿ ಒಂದು ದಿಕ್ಕು ಬದಲಿಸಿತ್ತು. ಹಾಗಾದರೆ ಗುಣಿಸಿದಾಗ ಸಂಖ್ಯೆಗಳು ಒಂದನ್ನೊಂದು ನುಂಗಿ, ಆ ದಿಕ್ಕು ಬದಲಾದದ್ದರ ಗುರುತಾಗಿ ಮೈನಸ್ ಒಂದೇ ಉಳಿಯಬೇಕು. ಮಾಸ್ಟ್ರಮ್ಮ ಸ್ಕೇಲನ್ನು ಇನ್ನೂ ಮೂರು ಬಾರಿ ತಿರುಗಿಸಿದಳು. ಯಾರಿಗಾದರೂ ಹೇಳಬೇಕೆನ್ನಿಸಿ ಸುತ್ತ ನೋಡಿದರೆ, ಬಟ್ಟೆಯ ಸುರುಳಿಗಳ ಮೇಲೆ ಕಾಲುಚಾಚಿ ನಿದ್ದೆಹೋಗಿದ್ದ ಇಸ್ತ್ರಿಯವನು ಬಿಟ್ಟರೆ ಯಾರೂ ಇರಲಿಲ್ಲ.

ಶುಕ್ರವಾರ ಸಂಜೆ ಮಗಳು ಸ್ನಾನಕ್ಕೆ ಹೋದಾಗ ಮಾಸ್ಟ್ರಮ್ಮ ಅವಳ ಗಣಿತದ ನೋಟ್‌ಬುಕ್ ತೆರೆದಳು. ಚಿತ್ರ ಬರೆದ ಚೌಕುಳಿ ಹಾಳೆ ಶಾಲೆಗೆ ಹೋಗಿತ್ತು. ಸಾಧನೆ ಮಾತ್ರ ಇಲ್ಲಿತ್ತು. ಮಗಳ ದುಂಡು ಅಕ್ಷರದ ಪಕ್ಕದಲ್ಲಿ, ಅಚ್ಚು ಹಾಕಿದ ಹಾಗೆ ಚೂಪಾದ ಇನ್ನೊಂದು ಬರಹ. ನಾಲ್ಕು ಶೃಂಗಗಳು (2,1), (6,3), (5,5), (1,3). ಮೊದಲ ಬದಿಯ ಇಳಿಜಾರು ಅರ್ಧ, ಎರಡನೆಯದರದ್ದು ಮೈನಸ್ ಎರಡು, ಎದುರಿನ ಬದಿಗಳದ್ದೂ ಅವೇ, ಗುಣಲಬ್ಧ ಮೈನಸ್ ಒಂದು. ಆದ್ದರಿಂದ ಆಯತ.

ಮಾಸ್ಟ್ರಮ್ಮ ಬೆರಳು ಮಡಿಸುತ್ತ ತಾನೂ ಲೆಕ್ಕ ಹಾಕಿದಳು. ಎರಡರಿಂದ ಆರಕ್ಕೆ ಏರಿದ್ದು ನಾಲ್ಕು. ಒಂದರಿಂದ ಮೂರಕ್ಕೆ ಸರಿದದ್ದು ಎರಡು. ನಾಲ್ಕು ಭಾಗ ಎರಡು, ಎರಡು. ಅರ್ಧ ಎಲ್ಲಿಂದ ಬಂತು? ಇನ್ನೊಮ್ಮೆ ಹಾಕಿದಳು. ಎರಡೇ. ಇನ್ನೊಂದು ಬದಿ ಮೈನಸ್ ಅರ್ಧ. ಗುಣಿಸಿದರೆ ಮೈನಸ್ ಒಂದೇನೋ ಬರುತ್ತದೆ, ಆದರೆ ನಕ್ಷೆಯವಳು ಎರಡೂ ಇಳಿಜಾರನ್ನು ತಪ್ಪು ಬರೆದಿದ್ದಾಳೆ! ಉತ್ತರ ಮೊದಲೇ ಗೊತ್ತಿದ್ದು ಹಿಂದಿನಿಂದ ಹೊಂದಿಸಿದ್ದಾಳೆ! ಬಟ್ಟೆಗೆ ಗುರುತು ಹಾಕುವ ದಪ್ಪ ನೀಲಿ ಪೆನ್ನು ತೆಗೆದು ಆ ಚೂಪು ಬರಹದ ಮೇಲೆ ಉದ್ದಕ್ಕೆ ಗೀಟೆಳೆದಳು. ಪಕ್ಕದಲ್ಲಿ ತನ್ನ ಲೆಕ್ಕ ಬರೆದಳು. ಕೆಳಗೆ 'ತಪ್ಪು' ಎಂದು ಬರೆದು, ಸಾಲದೆಂಬಂತೆ ಎರಡು ಸಲ ಅಡಿಗೆರೆ ಹಾಕಿದಳು. ಮಗಳಿಗೆ ಹೇಳಲಿಲ್ಲ. ಮಗಳು ನೋಡುವುದಕ್ಕಿಂತ ನಕ್ಷೆಯವಳು ನೋಡುವುದು ಮುಖ್ಯವಾಗಿತ್ತು.

ಶನಿವಾರ ನೋಟ್‌ಬುಕ್ ಬ್ಯಾಗಿನಲ್ಲಿ ಕೂತು ಆ ಮನೆಗೆ ಹೋಯಿತು. ಭಾನುವಾರ ಸಂಜೆ ಮಗಳು ಎಂದಿನಂತೆ ಬಂದಳು. ಮಾಸ್ಟ್ರಮ್ಮ ಕಣ್ಣಲ್ಲಿ ಕಣ್ಣಿಟ್ಟು ಅವಳ ಮುಖವನ್ನೇ ಓದಿದಳು. ಏನೂ ಸಿಗಲಿಲ್ಲ.

"ಗಣಿತ ಆಯ್ತಾ?"

"ಹ್ಞೂಂ."

"ಏನಾದ್ರೂ ಅಂದ್ಲಾ?"

"ಯಾರು?"

"ನಿಮ್ಮ ಚಿಕ್ಕಮ್ಮ."

"ಏನು ಅನ್ಬೇಕಿತ್ತು?" ಎಂದು ಮಗಳು ಒಂದು ಕ್ಷಣ ಅವಳನ್ನೇ ನೋಡಿ, ತಟ್ಟೆ ತೊಳೆಯಲು ಎದ್ದುಹೋದಳು. ಮಾಸ್ಟ್ರಮ್ಮನಿಗೆ ಆ ನೋಟ ಯಾಕೋ ಸರಿಬರಲಿಲ್ಲ.

ಮಂಗಳವಾರ ಊಟದ ಹೊತ್ತಿಗೆ ಕಾವಲಿನವನು ಬಂದು, "ಮಾಸ್ಟ್ರಮ್ಮ, ನಿಮ್ಮನ್ನ ಕೇಳ್ಕೊಂಡು ಯಾರೋ ಬಂದಿದಾರೆ," ಎಂದ. ಅವನ ಹಿಂದೆಯೇ ನಕ್ಷೆಯವಳು ನಿಂತಿದ್ದಳು. ಈವರೆಗೆ ಮಾಸ್ಟ್ರಮ್ಮ ಅವಳನ್ನು ನೋಡಿದ್ದು ಎರಡೇ ಸಲ, ಅದೂ ಸ್ಕೂಟರಿನ ಹಿಂದಿನ ಸೀಟಿನಲ್ಲಿ. ಹತ್ತಿರದಿಂದ ನೋಡಿದರೆ ಎಣಿಸಿದ್ದಕ್ಕಿಂತ ಕುಳ್ಳಿ. ದಪ್ಪ ಕನ್ನಡಕ. ಮೇಲಂಗಿಯ ಅಂಚಿನಲ್ಲಿ ಎರಡು ಪಿನ್ನು. ಕೈಯಲ್ಲಿ, ಭಾನುವಾರ ಬ್ಯಾಗಿನಲ್ಲಿ ವಾಪಸ್ಸು ಬಂದಿರದ ಮಗಳ ನೋಟ್‌ಬುಕ್ ಇತ್ತು.

"ಕೂತ್ಕೊಳ್ಳಿ," ಎಂದಳು ಮಾಸ್ಟ್ರಮ್ಮ. ಧ್ವನಿ ತನ್ನದೇ ಅನ್ನಿಸಲಿಲ್ಲ.

"ಬೇಡ, ನಿಂತೇ ಇರ್ತೀನಿ. ಜಗಳ ಆಡೋಕೆ ಅಂತ ಬಂದೆ."

"ಆಡಿ ಮತ್ತೆ."

"ಈಗ ಆಗಲ್ಲ."

"ಯಾಕೆ?"

"ಬಸ್ಸಲ್ಲಿ ಕೂತು ಲೆಕ್ಕ ಮಾಡಿ ನೋಡ್ದೆ." ಅವಳ ಮುಖ ಗಂಟಿಕ್ಕಿಕೊಂಡಿತ್ತು. "ನೀವು ಬರೆದಿದ್ದೂ ಸಾಧನೆ ಆಗುತ್ತೆ."

ಇಬ್ಬರೂ ಮೇಜಿನ ಎರಡು ಬದಿಗೆ ನಿಂತಿದ್ದರು. ಕಾವಲಿನವನು ಕಿವಿ ನಿಮಿರಿಸಿಕೊಂಡು ಅಲ್ಲೇ ಸುಳಿದಾಡುತ್ತಿದ್ದ. ಮಾಸ್ಟ್ರಮ್ಮ ಅವನತ್ತ ಕಣ್ಣು ಬಿಟ್ಟಳು, ಹೋದ.

"ನಾನು ಬರೆದಿದ್ದು ಅಂತ ಮಗು ಹೇಳಿದ್ಲಾ?"

"ಇಲ್ಲ. ಕೇಳಿದ್ದಕ್ಕೆ 'ನಾನೇ ಬರ್ದಿದ್ದು' ಅಂದ್ಲು. ಆದ್ರೆ ಅವಳಿಗೆ ಈ ಲೆಕ್ಕ ಚೆನ್ನಾಗಿ ಬರುತ್ತೆ, ಇಂಥ ತಪ್ಪು ಮಾಡಲ್ಲ. ಅಕ್ಷರಾನೂ ಅವಳದ್ದಲ್ಲ. ನನ್ನ ಬರಹದ ಮೇಲೆ ಇಷ್ಟು ದಪ್ಪಕ್ಕೆ ತಪ್ಪು ಅಂತ ಬರೆಯೋರು ಇನ್ಯಾರಿದಾರೆ?" ಅವಳು ನೋಟ್‌ಬುಕ್ ಮೇಜಿನ ಮೇಲೆ ಬಿಚ್ಚಿಟ್ಟಳು. "ಎರಡು ದಿನ ಉರಿದುಹೋದೆ. ಹೋಗಿ ಮುಖಕ್ಕೆ ಹೊಡೆದ ಹಾಗೆ ತೋರಿಸ್ತೀನಿ ಅಂತ ಬಸ್ ಹತ್ತಿದೆ. ತೋರಿಸೋಕೆ ಮುಂಚೆ ನೀವು ಎಲ್ಲಿ ಎಡವಿದ್ದೀರ ಅಂತ ಹುಡುಕ್ಬೇಕಲ್ಲ? ಹುಡುಕಿದ್ರೆ... ಒಂದು ಕೇಳ್ತೀನಿ. ಎರಡು, ಒಂದು ಅಂತ ಬರೆದಿದ್ರೆ ನೀವು ಎರಡನ್ನ ಯಾವ ಕಡೆ ಎಣಿಸ್ತೀರ?"

"ಮೇಲಕ್ಕೆ."

"ಒಂದನ್ನ?"

"ಪಕ್ಕಕ್ಕೆ. ಉದ್ದ ಮೊದಲು, ಅಗಲ ಆಮೇಲೆ. ನಮ್ಮಲ್ಲಿ ಯಾವ ಅಳತೆ ಬರೆದ್ರೂ ಹಾಗೇ."

ನಕ್ಷೆಯವಳು ಹಣೆ ಚಚ್ಚಿಕೊಂಡಳು. "ಅದೇ ಅಂದ್ಕೊಂಡೆ! ಗಣಿತದಲ್ಲಿ ಪಕ್ಕದ್ದು ಮೊದಲು, ಮೇಲಿನದ್ದು ಆಮೇಲೆ."

ಮಾಸ್ಟ್ರಮ್ಮನ ಕಿವಿಯವರೆಗೂ ಬಿಸಿಯೇರಿತು. ಎರಡು ಅಡಿಗೆರೆ ಎಳೆದು ತಪ್ಪು ಎಂದು ಬರೆದ ಆ ಪದ ಈಗ ತನ್ನನ್ನೇ ನೋಡಿ ಹಲ್ಲು ಕಿಸಿಯುತ್ತಿತ್ತು. ಇವಳು ನಗುತ್ತಾಳೆ, ಮನೆಗೆ ಹೋಗಿ ಅವನ ಮುಂದೆ ನಗುತ್ತಾಳೆ ಎಂದು ಹಲ್ಲು ಕಚ್ಚಿ ಕಾದಳು. ನಕ್ಷೆಯವಳು ನಗಲಿಲ್ಲ. ಮೇಜಿನ ಮೇಲಿದ್ದ ಸೀಮೆಸುಣ್ಣ ತೆಗೆದುಕೊಂಡು, "ಇಲ್ಲಿ ಬರೀಬಹುದಾ?" ಎಂದು ಕೇಳಿ, ತನ್ನ ರೀತಿಯಲ್ಲಿ ನಾಲ್ಕು ಚುಕ್ಕೆ ಇಟ್ಟು ಸೇರಿಸಿದಳು. ಸುಣ್ಣವನ್ನು ಮಾಸ್ಟ್ರಮ್ಮನಿಗೆ ಚಾಚಿದಳು. ಮಾಸ್ಟ್ರಮ್ಮ ಮನಸ್ಸಿಲ್ಲದ ಮನಸ್ಸಿನಿಂದ, ಉದ್ದ ಮೊದಲು ಅಗಲ ಆಮೇಲೆ, ತನ್ನ ನಾಲ್ಕು ಚುಕ್ಕೆ ಇಟ್ಟಳು.

ಎರಡು ಆಯತಗಳು ಅಕ್ಕಪಕ್ಕ ಕೂತವು. ಒಂದು ಈ ಕಡೆ ವಾಲಿತ್ತು, ಇನ್ನೊಂದು ಆ ಕಡೆ.

"ಎಡತೋಳು, ಬಲತೋಳು," ಎಂದಳು ಮಾಸ್ಟ್ರಮ್ಮ, ತನಗೇ ಗೊತ್ತಿಲ್ಲದೆ.

"ಏನಂದ್ರಿ?"

"ಅಂಗಿಯ ಎರಡು ತೋಳು ಹೀಗೇ ಇರುತ್ತೆ. ಒಂದೇ ಅಚ್ಚು, ಮಗುಚಿ ಹಾಕೋದು. ಅಚ್ಚು ಮಗುಚಿದ್ರೆ ಮೂಲೆ ಬದಲಾಗುತ್ತಾ?"

ನಕ್ಷೆಯವಳು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡಳು. "ಹನ್ನೆರಡು ವರ್ಷದಿಂದ ನಕ್ಷೆ ಬರೀತಿದೀನಿ. ಇದನ್ನ ಹೀಗೆ ಯಾವತ್ತೂ ಯೋಚಿಸಿರಲಿಲ್ಲ." ಅವಳು ಅದನ್ನು ಮೆಚ್ಚುಗೆಯಿಂದ ಹೇಳಲಿಲ್ಲ. ಸೋತವರ ಹಾಗೆ, ಸ್ವಲ್ಪ ಸಿಟ್ಟಿನಿಂದಲೇ ಹೇಳಿದಳು. ಅದಕ್ಕೇ ಮಾಸ್ಟ್ರಮ್ಮನಿಗೆ ಅದು ನಿಜವೆನ್ನಿಸಿತು. "ಆದ್ರೆ ಪರೀಕ್ಷೇಲಿ ಹೀಗೆ ಬರೆದ್ರೆ ಅಂಕ ಕೊಡಲ್ಲ," ಎಂದು ಸೇರಿಸಿದಳು.

"ಅಷ್ಟು ಗೊತ್ತಾಗುತ್ತೆ ಬಿಡಿ."

ಅಲ್ಲಿಗೆ ಮುಗಿಯಬಹುದಿತ್ತು. ಆದರೆ ನಾಲ್ಕು ದಿನ ಸುಣ್ಣ ಹಿಡಿದು ಗುದ್ದಾಡಿದ್ದು, ಒಂದು ವಾರ ಒಳಗೊಳಗೇ ಬೆಂದದ್ದು, ಎಲ್ಲ ಒಟ್ಟಾಗಿ ಮಾಸ್ಟ್ರಮ್ಮನ ನಾಲಿಗೆಯ ತುದಿಗೆ ಬಂದಿತ್ತು.

"ಪರೀಕ್ಷೆ ಮುಗಿಯೋವರೆಗೂ ಮಗು ನಿಮ್ಮನೇಲೇ ಇರ್ಲಿ ಅಂತ ಅವರ ಕೈಲಿ ಫೋನ್ ಮಾಡ್ಸಿದ್ರಲ್ಲ. ಶನಿವಾರ ಭಾನುವಾರ ಸಾಲ್ದಾಯ್ತಾ ನಿಮಗೆ?"

"ನಾನಾ?" ನಕ್ಷೆಯವಳು ನಿಜಕ್ಕೂ ತಬ್ಬಿಬ್ಬಾದಳು. "ನಾನು ಬೇಡ ಅಂದೆ. ನಿಮಗೆ ಬೇಜಾರಾಗುತ್ತೆ ಅಂತಾನೇ ಹೇಳ್ದೆ. ಅವಳೇ ಕೇಳಿದ್ದು."

"ಯಾರು?"

"ನಿಮ್ಮ ಮಗಳು."

ಮಾಸ್ಟ್ರಮ್ಮ ಸುಣ್ಣವನ್ನು ಮೇಜಿನ ಮೇಲಿಟ್ಟಳು. "ಯಾಕಂತೆ?"

"ಅದನ್ನ ನಾನು ಹೇಳೋದು ಸರಿಯಲ್ಲ. ಅವಳನ್ನೇ ಕೇಳಿ."

"ಹೇಳಿ. ಇಷ್ಟು ಹೇಳಿದೀರ."

ನಕ್ಷೆಯವಳು ನೋಟ್‌ಬುಕ್ ಮುಚ್ಚಿದಳು. ಮತ್ತೆ ತೆರೆದಳು. "ಸಂಜೆ ಹೊತ್ತು ನೀವು ಹೊಲಿತೀರಲ್ಲ... ಆ ಯಂತ್ರದ ಸದ್ದಿಗೆ ಓದಿದ್ದು ತಲೆಗೆ ಹೋಗಲ್ವಂತೆ. ನಿಮಗೆ ಹೇಳ್ಬೇಡಿ ಅಂದಿದ್ಲು."

ಊಟದ ಹೊತ್ತು ಮುಗಿದ ಗಂಟೆ ಹೊಡೆಯಿತು. ಆಚೆಯ ಅಂಕಣದಲ್ಲಿ ನಲವತ್ತು ಯಂತ್ರ ಒಂದರ ಹಿಂದೊಂದು ಶುರುವಾದವು. ನಕ್ಷೆಯವಳು ಬೆಚ್ಚಿ ಆ ಕಡೆ ತಿರುಗಿ, ಕಿವಿಯ ಬಳಿ ಕೈ ಒಯ್ದು, ಏನೋ ನೆನಪಾಗಿ ಕೈ ಇಳಿಸಿದಳು. ಮಾಸ್ಟ್ರಮ್ಮ ಅದನ್ನು ನೋಡಿದಳು. ಇಪ್ಪತ್ತೊಂದು ವರ್ಷದಿಂದ ಈ ಸದ್ದಿನ ನಡುವೆ ಬದುಕಿದ ಅವಳಿಗೆ, ಇದೊಂದು ಸದ್ದು ಎನ್ನುವುದೇ ಮರೆತುಹೋಗಿತ್ತು. ಆದರೆ ಅವಳನ್ನು ಇರಿದದ್ದು ಅದಲ್ಲ. ತನಗೆ ಹೇಳಲಾಗದ ಮಾತೊಂದನ್ನು ಮಗಳು ಇವಳಿಗೆ ಹೇಳಿದ್ದಳು. ಬೇಡ ಹೇಳಬೇಡಿ ಎಂದು ಗುಟ್ಟಾಗಿ ಕೊಟ್ಟಿದ್ದಳು. ಗಣಿತ ಹೋದರೆ ಹೋಗಲಿ. ಆ ಗುಟ್ಟು ತನ್ನದಾಗಬೇಕಿತ್ತು.

"ಹೊರಡ್ತೀನಿ," ಎಂದಳು ನಕ್ಷೆಯವಳು, ಸದ್ದಿಗೆ ಧ್ವನಿ ಎತ್ತರಿಸಿ. "ನಾನು ಬಂದಿದ್ದೆ ಅಂತ..."

"ಹೇಳಲ್ಲ. ನಿಲ್ಲಿ ಒಂದು ನಿಮಿಷ." ಮಾಸ್ಟ್ರಮ್ಮ ಸೂಜಿ ದಾರ ತೆಗೆದು ಮೊಣಕಾಲೂರಿ ಕೂತಳು. ಯಾಕೆ ಹಾಗೆ ಮಾಡಿದಳೋ ಅವಳಿಗೇ ಗೊತ್ತಿಲ್ಲ. ಆ ಎರಡು ಪಿನ್ನು ಅಷ್ಟು ಹೊತ್ತಿನಿಂದ ಕಣ್ಣಿಗೆ ಚುಚ್ಚುತ್ತಿದ್ದವು. ಪಿನ್ನು ಕಿತ್ತು ಎಂಟು ಹೊಲಿಗೆಯಲ್ಲಿ ಅಂಚು ಕೂಡಿಸಿ, ದಾರವನ್ನು ಹಲ್ಲಿನಿಂದ ಕಚ್ಚಿ ತುಂಡರಿಸಿದಳು.

ಆ ಸಂಜೆ ಅವಳು ಯಂತ್ರದ ಬಳಿ ಹೋಗಲೇ ಇಲ್ಲ. ಹಾಸಿಗೆಯ ತುದಿಗೆ ಕೂತು ಕೈಮಡಚಿ ಗೋಡೆ ನೋಡಿದಳು. ಮಗಳು ಹತ್ತು ನಿಮಿಷ ಓದಿ, ತಲೆಯೆತ್ತಿದಳು.

"ಯಾಕಮ್ಮ, ಮೈ ಸರಿಯಿಲ್ವಾ?"

"ಸರಿಯಾಗೇ ಇದೆ. ಆ ಪುಸ್ತಕದಲ್ಲಿ ಗೀಚಿದ್ದು ನಾನು ಅಂತ ಗೊತ್ತಿದ್ದೂ, 'ನಾನೇ ಬರ್ದಿದ್ದು' ಅಂತ ಯಾಕೆ ಹೇಳ್ದೆ?"

ಮಗಳು ಪೆನ್ಸಿಲ್ ಕೆಳಗಿಟ್ಟಳು. "ಮತ್ತೇನು ಹೇಳ್ಬೇಕಿತ್ತು? ನಮ್ಮಮ್ಮ ಹೊಟ್ಟೆಕಿಚ್ಚಿಗೆ ಬರೆದ್ಲು ಅಂತಲಾ?"

"ಹೊಟ್ಟೆಕಿಚ್ಚು ಅಂತ ನಿಂಗೆ ಹೇಗೆ ಗೊತ್ತು?"

"ಈ ಮನೆ ಗೋಡೆಗೂ ಗೊತ್ತಮ್ಮ."

ಮಾಸ್ಟ್ರಮ್ಮನಿಗೆ ನಗು ಬಂತು, ಅರ್ಧಕ್ಕೇ ನಿಂತಿತು. "ಯಂತ್ರ ನಿಲ್ಲಿಸ್ತೀನಿ," ಎಂದಳು. "ಪರೀಕ್ಷೆ ಮುಗಿಯೋವರೆಗೂ ಮುಟ್ಟಲ್ಲ. ಇಲ್ಲೇ ಇರು."

ಮಗಳ ಮುಖ ಬಿಳಿಚಿತು. ತಾನು ಹೇಳಬೇಡವೆಂದ ಮಾತು ಹೇಗೋ ಬಂದುಮುಟ್ಟಿದೆ ಎಂದು ಅವಳಿಗೆ ತಿಳಿಯಿತು. ಯಾರು ಹೇಳಿದರೆಂದು ಕೇಳಲಿಲ್ಲ. ಮೆಲ್ಲಗೆ ಹೇಳಿದಳು: "ನಿಲ್ಲಿಸ್ಬೇಡಮ್ಮ. ನೀನು ನಿಲ್ಲಿಸಿ ಹೀಗೆ ಕೂತ್ರೆ, ನನಗೋಸ್ಕರ ಸುಮ್ಮನೆ ಕೂತಿದೀಯ ಅನ್ನೋದೇ ಕಿವೀಲಿ ಕೇಳಿಸ್ತಾ ಇರುತ್ತೆ. ಅದು ಇನ್ನೂ ಜೋರು."

ಹೊರಗೆ ಯಾರೋ ಬಟ್ಟೆ ಒಣಹಾಕುವ ತಂತಿಯನ್ನು ಬಿಗಿಯುತ್ತಿದ್ದರು. ಮಾಸ್ಟ್ರಮ್ಮ ಹಾಸಿಗೆಯಿಂದ ಎದ್ದು ಮಗಳ ಪಕ್ಕ ಬಂದು ಕೂತಳು.

"ಶನಿವಾರ ಹೋಗು, ಪರೀಕ್ಷೆ ಮುಗಿಯೋವರೆಗೂ ಅಲ್ಲೇ ಇರು," ಎಂದಳು. "ಆದ್ರೆ ಬುಧವಾರ ಬುಧವಾರ ಬಂದು ಮುಖ ತೋರಿಸ್ಬೇಕು. ತಲೆ ನೀನೇ ಬಾಚ್ಕೋ, ಅವಳ ಕೈಗೆ ಕೊಡ್ಬೇಡ."

"ಆಯ್ತಮ್ಮ."

"ಮತ್ತೆ, ಪಕ್ಕದ್ದು ಮೊದಲು ಮೇಲಿನದ್ದು ಆಮೇಲೆ ಅಂತಾರಲ್ಲ, ಅದನ್ನ ಸರಿಯಾಗಿ ತೋರಿಸಿಕೊಡು ನಂಗೆ."

ಆ ವಾರವೆಲ್ಲ ಸಂಜೆ ಒಂದರ್ಧ ಗಂಟೆ ಮಗಳು ಅವಳಿಗೆ ಪಾಠ ಹೇಳಿದಳು. ಮಾಸ್ಟ್ರಮ್ಮನ ಕೈ ಹಟ ಹಿಡಿದ ಎತ್ತಿನ ಹಾಗೆ ಮೊದಲ ಸಂಖ್ಯೆಗೆ ಮೇಲಕ್ಕೇ ಹೋಗುತ್ತಿತ್ತು. ಮಗಳು ಮಣಿಕಟ್ಟು ಹಿಡಿದು ಪಕ್ಕಕ್ಕೆ ಎಳೆಯುವಳು. ಪಾಠ ಮುಗಿದ ಮೇಲೆ ಮಾಸ್ಟ್ರಮ್ಮ ಹೊಲಿದಳು, ಮಗಳು ಕಿವಿಗೆ ಹತ್ತಿ ಇಟ್ಟುಕೊಂಡು ಓದಿದಳು. ಈಗ ಅದನ್ನು ಮುಚ್ಚಿಡುವ ಅಗತ್ಯವಿರಲಿಲ್ಲ.

ಶನಿವಾರ ಮಧ್ಯಾಹ್ನ ದೊಡ್ಡ ಬ್ಯಾಗು ತುಂಬಿತು. ಕೆಳಗೆ ರಸ್ತೆಯಲ್ಲಿ ಸ್ಕೂಟರಿನ ಹಾರ್ನು ಎರಡು ಸಲ ಕೇಳಿತು. ಮಗಳು ಚಪ್ಪಲಿ ಮೆಟ್ಟಿಕೊಂಡವಳು ಹಿಂದಿರುಗಿ ಬಂದು, ಚೌಕುಳಿ ಹಾಳೆಯ ಮೇಲೆ ಮೂರು ಚುಕ್ಕೆ ಇಟ್ಟಳು: (3,4), (7,5), (5,8).

"ಬುಧವಾರದೊಳಗೆ ನಾಲ್ಕನೇದು ಎಲ್ಲಿ ಬರುತ್ತೆ ಕಂಡುಹಿಡಿದಿಡು. ಸಮಾಂತರ ಚತುರ್ಭುಜ ಆಗ್ಬೇಕು. ಕಣ್ಣಲ್ಲಿ ನೋಡಿ ಹೇಳೋ ಹಾಗಿಲ್ಲ, ಇಳಿಜಾರು ಬರೀಬೇಕು."

"ಹೋಗೇ, ದೊಡ್ಡ ಟೀಚರು."

ಕಿಟಕಿಯಿಂದ ನೋಡಿದಾಗ ಬ್ಯಾಗು ಅಪ್ಪ ಮಗಳ ನಡುವೆ ಗೋಡೆಯ ಹಾಗೆ ಕೂತಿತ್ತು. ಸ್ಕೂಟರು ತಿರುವಿನಲ್ಲಿ ಮರೆಯಾಯಿತು. ಅಲ್ಲಿ ಒಬ್ಬಳು ಮೇಜು ಒರೆಸಿ, ದೀಪ ಸರಿಮಾಡಿ ಕಾಯುತ್ತಿರುತ್ತಾಳೆ ಎಂದು ನೆನೆದಾಗ ಮಾಸ್ಟ್ರಮ್ಮನಿಗೆ ಅದೇ ಹಳೆಯ ಹೊಟ್ಟೆಕಿಚ್ಚು ಹತ್ತಿತು. ಹೋಗಿರಲಿಲ್ಲ ಅದು, ಎಲ್ಲಿಗೂ ಹೋಗಿರಲಿಲ್ಲ.

ಅವಳು ಹಾಳೆಯ ಮುಂದೆ ಕೂತಳು. ಪಕ್ಕದ್ದು ಮೊದಲು, ಮೇಲಿನದ್ದು ಆಮೇಲೆ. ಮೊದಲ ಎರಡು ಚುಕ್ಕೆಯ ನಡುವಿನ ಇಳಿಜಾರು ನಾಲ್ಕನೇ ಒಂದು. ಅದೇ ಇಳಿಜಾರಿನಲ್ಲಿ ಮೂರನೇ ಚುಕ್ಕೆಯಿಂದ ಹಿಂದಕ್ಕೆ ನಡೆದರೆ (1,7). ಗೆರೆ ಎಳೆದಳು, ಇನ್ನೆರಡು ಬದಿಯನ್ನೂ ಲೆಕ್ಕ ಹಾಕಿದಳು. ಮೈನಸ್ ಒಂದೂವರೆ, ಮೈನಸ್ ಒಂದೂವರೆ. ಸರಿ ಬಂತು. ಪೆನ್ಸಿಲ್ ಕೆಳಗಿಡುವಾಗ ಅನ್ನಿಸಿತು, ಹಿಂದಕ್ಕೇ ಯಾಕೆ ನಡೆಯಬೇಕು? ಮುಂದಕ್ಕೆ ನಡೆದರೆ (9,9). ಅದನ್ನೂ ಬರೆದು ನೋಡಿದಳು. ಅದೂ ಸರಿ. ಎಲ್ಲೋ ತಪ್ಪಿದ್ದೇನೆ ಎಂದು ಎಲ್ಲವನ್ನೂ ಮೊದಲಿನಿಂದ ಹಾಕಿದಾಗ ಕೆಳಗೆ (5,1) ಕೂಡ ಸಿಕ್ಕಿತು. ಮೂರನ್ನೂ ಎರಡೆರಡು ಸಲ ಸಾಧಿಸಿದಳು. ಯಾವುದನ್ನೂ ತಪ್ಪೆನ್ನುವ ಹಾಗಿರಲಿಲ್ಲ.

ಬಿಸಿಲು ಕಿಟಕಿಯಿಂದ ಇಳಿದು ಮೇಜಿನ ಕಾಲಿಗೆ ಬಂದಿತ್ತು. ಮಾಸ್ಟ್ರಮ್ಮ ಸ್ಕೇಲು ಇಟ್ಟು ಆ ಮೂರು ಹೊಸ ಚುಕ್ಕೆಗಳನ್ನು ಒಂದಕ್ಕೊಂದು ಸೇರಿಸಿದಳು. ಹಾಳೆಯನ್ನೆಲ್ಲ ತುಂಬುವ ದೊಡ್ಡದೊಂದು ತ್ರಿಕೋನ ಆಯಿತು. ಮಗಳು ಅವಸರದಲ್ಲಿ ಇಟ್ಟು ಹೋಗಿದ್ದ ಮೂರು ಚುಕ್ಕೆಗಳು, ಒಂದೊಂದು ಬದಿಗೆ ಒಂದೊಂದರಂತೆ, ಆಯಾ ಬದಿಯ ನಟ್ಟನಡುವೆ ಕೂತಿದ್ದವು.